ಎರವಲು ಎದೆ

“ಇವತ್ತೂ ಅವ್ವನ ಪಟ್ಟಿಯನ್ನು ನಾನೇ ಕಟ್ಟಿಕೊಂಡೆ. ಇಂದಿಗೆ ಇನ್ನೂರ ಹನ್ನೊಂದನೆಯ ದಿನ. ಸುಳ್ಳು ಸಣ್ಣದೇ. ಆದರೆ ದಿನಾಲೂ ಹತ್ತು ನಿಮಿಷ ಅದಕ್ಕೆ ಮೇವು ಹಾಕುತ್ತಿದ್ದೇನಲ್ಲ, ಬೆಳೆಯದೆ ಇದ್ದೀತೇ?”

ದಿನಚರಿಯಲ್ಲಿ ಇಷ್ಟು ಬರೆದು ಮುಕ್ತಾ ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕುಳಿತಳು. ಮನೆಯಲ್ಲಿದ್ದವರು ಇಬ್ಬರೇ, ಅವಳೂ ಅವಳ ಅವ್ವನೂ. ಅವ್ವನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣದು. ಆದರೂ ಮುಚ್ಚಿಕೊಳ್ಳುವ ಅಭ್ಯಾಸ. ಗೋಡೆಗೂ ಕಿವಿಯಿದೆ ಎಂಬುದು ಹಿಂದೆ ಗಾದೆಯಾಗಿತ್ತು. ಈಗ ಗದಗಿನಲ್ಲಿ ಅದಕ್ಕೊಂದು ಕಚೇರಿಯೇ ಇತ್ತು. ಮುಕ್ತಾ ಅಲ್ಲಿಯೇ ಕೆಲಸಕ್ಕಿದ್ದಳು.

ಊರಿಗೆ ಪಟ್ಟಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಂಗೈಯಗಲದ, ಹಪ್ಪಳದಷ್ಟು ತೆಳ್ಳಗಿನ ಒಂದು ಬಿಲ್ಲೆ, ಅದನ್ನು ಎದೆಗೆ ಬಿಗಿಯಲು ಒಂದು ಬಟ್ಟೆಯ ಪಟ್ಟಿ. ಬೆಳಗ್ಗೆ ಆರರಿಂದ ಏಳರೊಳಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಟ್ಟಿಯನ್ನು ಹತ್ತು ನಿಮಿಷ ಕಟ್ಟಿಕೊಳ್ಳಬೇಕು. ಬಿಲ್ಲೆ ಕೇಳಿದ ಎದೆಬಡಿತ ಗದಗಿನ ಆ ಕಚೇರಿಗೆ, ಆಲಿಕೆ ಕೇಂದ್ರಕ್ಕೆ, ಹೋಗುತ್ತದೆ. ಅಲ್ಲಿನ ಯಂತ್ರ ಆ ಎದೆಯ ಇಂದಿನ ಸದ್ದನ್ನು ಅದೇ ಎದೆಯ ಹಿಂದಿನ ತಿಂಗಳುಗಳ ಸದ್ದಿನೊಂದಿಗೆ ತಾಳೆ ನೋಡುತ್ತದೆ. ಒಬ್ಬರ ಎದೆಯನ್ನು ಇನ್ನೊಬ್ಬರದರೊಂದಿಗೆ ಹೋಲಿಸುವಂತಿಲ್ಲ. ಕಾಯಿದೆ ಅದನ್ನು ಬಿಗಿಯಾಗಿ ತಡೆದಿತ್ತು. ಪಟ್ಟಿ ಮೊದಲು ಬಂದ ಊರುಗಳಲ್ಲಿ ಎದೆ ಹಿಡಿದುಕೊಂಡು ಬೀಳುವವರೇ ಕಡಿಮೆಯಾಗಿದ್ದಾರಂತೆ. ಆದರೂ ಗದಗಿಗೆ ಹೊಂದಿಕೊಂಡ ಬೆಟಗೇರಿಯ ಓಣಿಗಳಲ್ಲಿ ಜನ ಪಟ್ಟಿ ಕಟ್ಟಿಕೊಂಡಾಗ ಮನೆಯ ಮಾತು ಆಡುತ್ತಿರಲಿಲ್ಲ. ಬಡಿತ ಕೇಳುವವರು ಮಾತು ಬಿಟ್ಟಾರೆಯೇ ಎಂಬ ಗುಮಾನಿ.

ಮುಕ್ತಾಳ ಅವ್ವ ನೀಲಗಂಗವ್ವ ಆ ಗುಮಾನಿಯವಳಲ್ಲ. ಐವತ್ತಾರು ವಯಸ್ಸು, ದಿನಕ್ಕೆ ನೂರಿಪ್ಪತ್ತು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಗಟ್ಟಿ ಹೆಂಗಸು. ಅವಳ ತಕರಾರು ಬೇರೆ. ಕೊರಳಿನ ಶಿವದಾರಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ, ಅದು ಒರಗುವುದು ಎದೆಗೇ.

“ಲಿಂಗ ಇರೋ ಎದಿ ಮ್ಯಾಲೆ ಇನ್ನೊಂದು ಬಿಲ್ಲಿ ಯಾಕವಾ?” ಎಂದಿದ್ದಳು, ಪಟ್ಟಿ ಮನೆಗೆ ಬಂದ ದಿನವೇ. “ಒಳಗಿಂದು ಕೇಳಾಕ ಆತ ಅದಾನ, ಸಾಕು. ನೀ ಆ ಆಫೀಸಿನ್ಯಾಗ ಅದೀಯಲ್ಲ, ನಿಮ್ಮ ಸಾಹೇಬ್ರಿಗೆ ಒಂದು ಮಾತು ಹೇಳಿ ನಂದು ಮಾಫ್ ಮಾಡ್ಸು.”

ಮಾಫಿಗೆ ಅರ್ಜಿಯೂ ಇತ್ತು. ಆದರೆ ಮೇಲ್ವಿಚಾರಕ ಹೊಸಮನಿಯವರ ಎದುರಿಗೆ ನಿಂತು, ಯಾಕೆ ಏನು ಎಂದು ಬಾಯಿ ಬಿಟ್ಟು ಹೇಳಬೇಕಿತ್ತು. ಮುಕ್ತಾ ವಿಜ್ಞಾನ ಪದವಿಯಲ್ಲಿ ಊರಿಗೇ ಮೊದಲಿಗಳು. ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಎಲ್ಲ ಗೊತ್ತಿದ್ದೂ ನೆಲ ನೋಡುತ್ತ ನಿಂತು ಬಂದವಳು. ಮೂರು ದಿನ ಸಾಹೇಬರ ಬಾಗಿಲತನಕ ಹೋಗಿ, ಒಳಗೆ ಕೆಮ್ಮಿದ ಸದ್ದು ಕೇಳಿದ್ದೇ ತಡ, ತಿರುಗಿ ಬಂದಳು. ನಾಲ್ಕನೆಯ ದಿನ ಅವ್ವನಿಗೆ ಹೇಳಿದಳು: “ಮಾಫ್ ಆತವ್ವಾ.”

ಅಂದಿನಿಂದ ಈ ಕ್ರಮ. ಅವ್ವ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕಣ್ಣು ಮುಚ್ಚಿದಾಗ ಆರು ಗಂಟೆ. ಆಗ ಮುಕ್ತಾ ಹಾಸಿಗೆಯಲ್ಲೇ, ಹೊದಿಕೆಯೊಳಗೆ ಅವ್ವನ ಪಟ್ಟಿ ಕಟ್ಟಿಕೊಂಡು, ಅವ್ವ ಕಣ್ಣು ತೆರೆದರೂ ಕಾಣದಿರಲೆಂದು ಗೋಡೆಗೆ ಮುಖಮಾಡಿ ಎಡಮಗ್ಗುಲಾಗಿ ಮಲಗುವಳು. ಹತ್ತು ನಿಮಿಷ ಕಳೆದ ಮೇಲೆ ಅದನ್ನು ಗೂಡಿನಲ್ಲಿಟ್ಟು, ಮುಖ ತೊಳೆದು, ಚಹಾದ ಲೋಟ ಹಿಡಿದು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ತನ್ನ ಪಟ್ಟಿ ಕಟ್ಟಿಕೊಳ್ಳುವಳು. ಒಂದೇ ಎದೆ, ಎರಡು ಹೆಸರು. ಈಚೀಚೆಗೆ ಎಡಕ್ಕೆ ಹೊರಳಿದೊಡನೆ ಉಸಿರು ಕಟ್ಟಿ ಕಣ್ಣು ಕತ್ತಲಿಡುತ್ತಿತ್ತು. ಕಳ್ಳರಿಗೆ ಅಂಜಿಕೆ ಇರುವುದೇ ಎಂದು ಸುಮ್ಮನಾಗಿದ್ದಳು.

ಆಲಿಕೆ ಕೇಂದ್ರದ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಕುರ್ಚಿ, ಕಿವಿಗೆ ಹಾಕಿಕೊಂಡು ಕೇಳುವ ಹನ್ನೆರಡು ಜೊತೆ ಕಿವಿಯಾಣೆ. ಯಂತ್ರ ಸಂಶಯಪಟ್ಟ ಸದ್ದುಗಳನ್ನಷ್ಟೇ ಮನುಷ್ಯರ ಕಿವಿಗೆ ಕಳಿಸುತ್ತಿತ್ತು. ಹೆಸರಿಲ್ಲ, ವಯಸ್ಸಿಲ್ಲ, ಬರೀ ಒಂದು ಸಂಖ್ಯೆ. ಕೇಳಿದವರು ‘ಹೌದು’ ಅಥವಾ ‘ಅಲ್ಲ’ ಎಂದು ಗುರುತು ಹಾಕಬೇಕು. ಬಾಯಿ ಬಿಡುವ ಕೆಲಸವೇ ಇಲ್ಲವೆಂದು ಮುಕ್ತಾ ಈ ನೌಕರಿ ಹಿಡಿದದ್ದು.

ಪಕ್ಕದ ಕುರ್ಚಿಯ ಫರೀದಾ ಅವಳ ಪಾಲಿನ ಮಾತನ್ನೂ ತಾನೇ ಆಡುವವಳು. “ಕೇಳೀ ಇಲ್ಲ? ಶಿರಹಟ್ಟಿ ಕಡೆ ಒಬ್ಬಾಂವ ಪಟ್ಟೀನ ಆಡಿಗೆ ಕಟ್ಟಿದ್ನಂತ. ‘ನಿಮ್ಮ ಎದಿ ಭಾಳ ಜೋರು ಬಡೀತೈತಿ, ವಿಶ್ರಾಂತಿ ತಗೊರಿ’ ಅಂತ ಯಂತ್ರ ಚೀಟಿ ಕಳಿಸ್ತು. ಆಡು ಓದಿ ತಿಂದುಬಿಡ್ತು!”

ಕೋಣೆಯೆಲ್ಲ ನಕ್ಕಿತು. ಫರೀದಾ ದನಿ ತಗ್ಗಿಸಿದಳು. “ನಗಬ್ಯಾಡ್ರಿ. ಎರವಲು ಎದಿ ಹಿಡ್ಯಾಕ ಮ್ಯಾಲಿನವ್ರು ಈಗ ಹುಸಿ ಚೀಟಿ ಕಳಸ್ತಾರಂತ. ‘ನಿನಗ ದೊಡ್ಡ ರೋಗ ಐತಿ, ಬಾ’ ಅಂತ. ಹೆದರಿ ‘ಅದು ನಂದಲ್ರೀ’ ಅಂದ ಅಂದ್ರ, ಸಿಕ್ಕ! ನಮ್ಮಂಥಾ ಒಳಗಿನವ್ರು ಸಿಕ್ರಂತೂ ನೌಕ್ರಿನೂ ಹೋತು, ಮಾನನೂ ಹೋತು.”

ಮುಕ್ತಾ ಕಿವಿಯಾಣೆ ಏರಿಸಿಕೊಂಡಳು. ಅದೇ ಹೊತ್ತಿಗೆ ಆ ಸದ್ದು ಬಂತು.

ಲಬ್, ಡಬ್. ಅದರ ಬೆನ್ನಿಗೇ, ಮೆತ್ತಗೆ, ದುಪ್. ನಾದಿದ ಹಿಟ್ಟಿನ ಮುದ್ದೆಯನ್ನು ಅವ್ವ ಹಲಗೆಯ ಮೇಲೆ ಎತ್ತಿ ಹಾಕಿದ ಹಾಗೆ. ಇಂಥದೊಂದನ್ನು ತರಬೇತಿಯಲ್ಲಿ ಒಮ್ಮೆ ಕೇಳಿಸಿದ್ದರು, ನಿಮಗೆ ಆಯುಷ್ಯದಲ್ಲಿ ಸಿಕ್ಕರೆ ಸಿಕ್ಕೀತು ಎಂದಿದ್ದರು. ತೊಟ್ಟಿನ ಗಂಟು. ಕ್ಯಾನ್ಸರ್ ಅಲ್ಲ, ಹಬ್ಬುವುದಿಲ್ಲ. ಎದೆಯ ಎಡ ಮೇಲ್ಗೋಣೆಯಲ್ಲಿ ಲೋಳೆಯಂಥ ಗಂಟೊಂದು ತೊಟ್ಟಿನಿಂದ ಜೋತಾಡುತ್ತದೆ. ಕೆಳಗಿನ ಕೋಣೆಗೆ ರಕ್ತ ಬಿಡುವ ಬಾಗಿಲು ತೆರೆದಾಗಲೆಲ್ಲ ಬಾಗಿಲಿಗೇ ಬಂದು ಬೀಳುತ್ತದೆ. ಆ ಬೀಳುವ ಸದ್ದೇ ದುಪ್. ಸಾಧು ಗಂಟೇ. ಆದರೆ ಬಾಗಿಲು ಕಟ್ಟಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಚೂರು ಮುರಿದು ರಕ್ತದೊಡನೆ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ಮೂರು ಸಲ ಕೇಳಿ ಮುಕ್ತಾ ‘ಹೌದು’ ಒತ್ತಿದಳು. ಷರಾ ಜಾಗದಲ್ಲಿ ‘ಸಂಶಯವಿಲ್ಲ’ ಎಂದು ಬರೆದಳು. ಯಾರೋ ಪಾಪ, ಬದುಕಿಕೊಳ್ಳಲಿ ಎಂದುಕೊಂಡಳು. ಆ ದಿನ ದಿನಚರಿಯಲ್ಲಿ ಹೆಮ್ಮೆಯ ಒಂದು ಸಾಲೂ ಬಂತು.

ಮೂರನೆಯ ದಿನ ಚೀಟಿ ಮನೆಗೆ ಬಂತು. ಮೇಲೆ ನೀಲಗಂಗವ್ವನ ಹೆಸರು. ‘ಎಡ ಮೇಲ್ಗೋಣೆಯಲ್ಲಿ ತೊಟ್ಟಿನ ಗಂಟಿನ ಬಲವಾದ ಸೂಚನೆ. ಬರುವ ಸೋಮವಾರ ಜಿಲ್ಲಾ ಆಸ್ಪತ್ರೆಗೆ ಬರುವುದು.’ ಕೆಳಗೆ ಮುಕ್ತಾ ‘ಹೌದು’ ಒತ್ತಿದ್ದ ಸದ್ದಿನ ಅದೇ ಸಂಖ್ಯೆ.

ಮುಕ್ತಾ ಚೀಟಿಯನ್ನು ಅವ್ವನ ಮುಂದೆ ಓದಿದಳು.

“ಅಲ್ಲವಾ,” ನೀಲಗಂಗವ್ವ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದಳು. “ನಂದು ಮಾಫ್ ಆಗೇತಿ ಅಂದಿದ್ದಿ? ನಾ ಕಟ್ಟೇ ಇಲ್ಲ, ಅದು ಹೆಂಗ ಕೇಳ್ತು?”

ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು ಬೇಕೇ ಬೇಕು. “ಈಗಿನ ಪಟ್ಟಿ... ಗೂಡಿನ್ಯಾಗ ಇದ್ರೂ ಕೇಳ್ತಾವಂತವ್ವಾ. ಹೊಸಾವು.”

ನೀಲಗಂಗವ್ವ ಗೂಡಿನ ಕಡೆ ನೋಡಿದ ನೋಟಕ್ಕೆ ಪಟ್ಟಿಗೆ ಜೀವವಿದ್ದಿದ್ದರೆ ತಲೆ ತಗ್ಗಿಸುತ್ತಿತ್ತು. “ಅಂದ್ರ ನಾ ಪೂಜಿ ಮಾಡೂದು, ಗುಡುಗುಡು ಅನ್ನೂದು, ನಿಮ್ಮಪ್ಪನ್ನ ನೆನಿಸಿ ಅಳೂದು, ಎಲ್ಲಾ ಕೇಳೇತಿ ಇದು? ಮುಕಳ್ಯಾಗ ಬೆಂಕಿ ಹಾಕ!” ಎಂದವಳೇ ಅದನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ, ಜೋಳದ ಹಿಟ್ಟಿನ ಡಬ್ಬಿಯೊಳಗೆ ತುರುಕಿ, ಮುಚ್ಚಳದ ಮೇಲೆ ಒರಳುಗುಂಡು ಇಟ್ಟಳು.

ಮುಕ್ತಾ ಆ ದಿನ ಬರೆದದ್ದು: “ಇದು ಹುಸಿ ಚೀಟಿ. ಇದೇ ಎದೆ ನನ್ನ ಹೆಸರಿನಲ್ಲೂ ಹೋಗುತ್ತದೆ. ಹತ್ತು ನಿಮಿಷದ ಹಿಂದೆ ಗಂಟು, ಹತ್ತು ನಿಮಿಷದ ಮೇಲೆ ಆರೋಗ್ಯ? ಒಂದೇ ಎದೆಗೆ ಎರಡು ತೀರ್ಪು ಬರುವುದು ಹೇಗೆ? ನನ್ನನ್ನು ಹಿಡಿಯಲು ಆ ಸದ್ದನ್ನು ಬೇಕೆಂದೇ ನನ್ನ ಕಿವಿಗೆ ಬಿಟ್ಟಿದ್ದಾರೆ. ನಾನು ಬಾಯಿ ಬಿಡುವುದಿಲ್ಲ.”

ಬಾಯಿ ಬಿಡದಿರುವುದು ಅವಳಿಗೆ ಕಷ್ಟದ ಕೆಲಸವಲ್ಲ. ಕಷ್ಟವಾದದ್ದು ನೋಡುವುದು. ಕೇಂದ್ರದಲ್ಲಿ ಯಾರು ಪಿಸುಗುಟ್ಟಿದರೂ ತನ್ನ ವಿಷಯವೇ ಅನ್ನಿಸಿತು. ಫರೀದಾ ಅಂದು ಆ ಕಥೆ ಹೇಳಿದ್ದೂ ಯಾರೋ ಹೇಳಿಕೊಟ್ಟಿದ್ದಿರಬೇಕು. ಇಲ್ಲವಾದರೆ ಅದೇ ಗಳಿಗೆಗೆ ಯಾಕೆ ಹೇಳಿಯಾಳು? ಮರುದಿನ ಹೊಸಮನಿಯವರು ತಾವಾಗಿಯೇ ಅವಳ ಕುರ್ಚಿಯ ಬಳಿ ಬಂದು ನಿಂತರು. ಅವರು ಮೆದುಮಾತಿನ ಮನುಷ್ಯ. ಆ ಮೆದುವೇ ಈಗ ಮುಳ್ಳಾಗಿ ಚುಚ್ಚಿತು.

“ಸೋಮವಾರ ರಜಾ ತಗೋ ತಂಗಿ. ಅವ್ವನ ಜೋಡಿ ಹೋಗಬೇಕಲ್ಲ.”

ಅವಳು ಕೇಳಿರಲಿಲ್ಲ. ಇವರಿಗೆ ಹೇಗೆ ಗೊತ್ತು? ತಲೆಯಾಡಿಸಿದಳು.

“ನಾನೂ ಆ ಸದ್ದು ಕೇಳಿದೆ,” ಅಂದರು. “ಗಂಟೊಂದು ಬಿಟ್ರ ಭಾಳ ಹರೇದ ಎದಿ. ಐವತ್ತಾರಂದು ಅನ್ನಿಸ್ಲಿಲ್ಲ. ರೊಟ್ಟಿ ಬಡದು ಬಡದು ಗಟ್ಟಿ ಆಗೇತೋ ಏನೋ.” ಇನ್ನೇನೋ ಕೇಳುವವರಂತೆ ನಿಂತು, ಅವಳು ನೆಲದಿಂದ ಕಣ್ಣೆತ್ತದಿದ್ದುದನ್ನು ನೋಡಿ, “ಹೇಳೂದು ಏನರ ಇದ್ರ ಬಾಗಲಾ ತಗದಽ ಇರ್ತೈತಿ” ಎಂದು ಹೋದರು.

ಬಲೆ ಬೀಸಿ ಹೋದರು ಎಂದುಕೊಂಡಳು.

ಮನೆಯಲ್ಲಿ ಮಾತ್ರ ಬೇರೆಯೇ ಒಂದು ನಡೆಯುತ್ತಿತ್ತು. ನೂರಿಪ್ಪತ್ತು ರೊಟ್ಟಿ ಬಡಿಯುತ್ತಿದ್ದ ನೀಲಗಂಗವ್ವ ಎಂಬತ್ತಕ್ಕೆ ನಿಂತಳು, ಆಮೇಲೆ ನಲವತ್ತಕ್ಕೆ. ಬಡಿಯುತ್ತ ಬಡಿಯುತ್ತ ಕೈ ತಡೆದು, ತನ್ನ ಎದೆಯನ್ನೇ ಕಿವಿಗೊಟ್ಟು ಕೇಳುವಳು. “ಇಲ್ಲೇ ಜುಮ್ ಅಂತೈತಿ ನೋಡವಾ. ಮೊದ್ಲ ಯಾಕ ಗೊತ್ತಾಗಿಲ್ಲ?” ಅನ್ನುವಳು. ಶುಕ್ರವಾರ ತಳ ಹತ್ತಿದ ರೊಟ್ಟಿಯ ವಾಸನೆಗೆ ಮುಕ್ತಾ ಓಡಿಬಂದಾಗ ಅವ್ವ ಒಲೆಯ ಮುಂದೆ ಗೋಡೆಗೊರಗಿ ಕುಳಿತಿದ್ದಳು. “ನಾ ಸತ್ರ ನೀ ಮಾತಾಡೂದು ಯಾರ ಜೋಡಿ? ನೀ ದಿನಾ ಬರಿಯೂ ಆ ವಹೀ ಜೋಡೀನಾ?” ಅಂದಳು. ಗಟ್ಟಿಮುಟ್ಟಾದ ಹೆಂಗಸು ಒಂದು ಹಾಳೆ ಓದಿಸಿಕೊಂಡು ರೋಗಿಯಾಗಿದ್ದಳು.

ಅದನ್ನು ನೋಡಿದ ಮೇಲೆ ಮುಕ್ತಾಳಿಗೆ ತಡೆಯಲಾಗಲಿಲ್ಲ. ಹುಸಿಯೆಂದು ತನಗಾದರೂ ಖಾತ್ರಿಯಾಗಬೇಕು. ಶನಿವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಹಳೆಯ ಪಟ್ಟಿಗಳನ್ನು ರಾಶಿ ಹಾಕಿದ್ದ ಉಗ್ರಾಣದ ಕೋಣೆಗೆ ಹೋದಳು. ಯಂತ್ರಕ್ಕೆ ಜೋಡಿಸದ ಒಂದು ಬಿಲ್ಲೆಯನ್ನು ಕಟ್ಟಿಕೊಂಡು ನೇರ ಕಿವಿಯಾಣೆಗೆ ಸಿಕ್ಕಿಸಿದಳು. ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು ಕೇಳಿದಳು. ಲಬ್ ಡಬ್, ಲಬ್ ಡಬ್. ಏನೂ ಇಲ್ಲ. ನಗು ಬಂತು. ನೋಡಿದೆಯಾ, ಹುಸಿ!

ಎದ್ದು ನಿಲ್ಲುವಾಗ ಹೊಳೆಯಿತು. ಅವ್ವನ ಪಟ್ಟಿ ಕಟ್ಟಿಕೊಳ್ಳುವುದು ಹೀಗಲ್ಲವಲ್ಲ.

ರಟ್ಟಿನ ಪೆಟ್ಟಿಗೆಗಳನ್ನು ನೆಲಕ್ಕೆ ಹಾಸಿ, ಗೋಡೆಗೆ ಮುಖಮಾಡಿ, ಎಡಮಗ್ಗುಲಾಗಿ ಮಲಗಿದಳು. ಉಸಿರು ಕಟ್ಟಿತು, ಕಣ್ಣ ಮುಂದೆ ಕಪ್ಪು ಚುಕ್ಕೆ ಹಾರಿದವು. ಕಿವಿಯಲ್ಲಿ: ಲಬ್, ಡಬ್, ದುಪ್.

ಅಂಗಾತ ಹೊರಳಿದಳು. ದುಪ್ ಮಸುಕಾಯಿತು. ಎದ್ದು ಕುಳಿತಳು. ಇಲ್ಲ. ಮತ್ತೆ ಎಡಕ್ಕೆ. ದುಪ್, ದುಪ್, ಹಿಟ್ಟಿನ ಮುದ್ದೆ ಹಲಗೆಗೆ ಬೀಳುತ್ತಲೇ ಇತ್ತು. ಎಡಕ್ಕೆ ಮಲಗಿದಾಗ ಎದೆ ಬಿಲ್ಲೆಗೆ ಒತ್ತಿಕೊಳ್ಳುತ್ತದೆ, ಗಂಟು ಬಾಗಿಲಿಗೆ ಜಾರುತ್ತದೆ. ನೆಟ್ಟಗೆ ಕುಳಿತು ಚಹಾ ಕುಡಿಯುವ ಊರಿಗೆಲ್ಲ ಬಿಲ್ಲೆ ಕಿವಿಗೊಟ್ಟಿದ್ದರೂ ಕೇಳದೆ ಹೋಗುತ್ತಿದ್ದುದು, ನಾಚಿಕೆಯಿಂದ ಗೋಡೆಗೆ ತಿರುಗಿದವಳ ಎದೆಯಲ್ಲಿ ಕೇಳಿಸಿಬಿಟ್ಟಿತ್ತು. ಯಂತ್ರ ಎರಡು ಸಲವೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಇದ್ದದ್ದು ಹೆಸರಿನಲ್ಲಿ.

“ಏನಲೇ ಇದು, ಇಲ್ಲೇ ಬಿದ್ಕೊಂಡಿ?” ಬಾಗಿಲಲ್ಲಿ ಫರೀದಾ, ಕೈಯಲ್ಲಿ ಊಟದ ಡಬ್ಬಿ. “ಮುಖ ನೋಡು, ಸುಣ್ಣ ಬಳದಂಗ ಆಗೇತಿ.”

“ಬೆನ್ನು ನೋವು,” ಎಂದಳು ಮುಕ್ತಾ. ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಫರೀದಾ ಎರಡು ಗಳಿಗೆ ನೋಡಿದಳು. “ಬೆನ್ನು ನೋವಿಗೆ ಕಿವಿಯಾಣೆ ಹಾಕ್ಕೋತಾರೇನು?” ಎಂದಳು. ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಮುಕ್ತಾಳ ಕೈಗಿಟ್ಟು, ಮೊದಲ ಸಲ ತಾನೂ ಮಾತಿಲ್ಲದೆ ಹೋದಳು.

ಆ ದಿನದ ಬರಹ: “ಗಂಟು ನನ್ನದು. ಅಥವಾ ನಾನು ಉಗ್ರಾಣಕ್ಕೆ ಬರುವೆನೆಂದು ಗೊತ್ತಿದ್ದು ಆ ಬಿಲ್ಲೆಯಲ್ಲೂ ದುಪ್ ತುಂಬಿಟ್ಟಿದ್ದಾರೆ.” ಎರಡನೆಯ ಸಾಲನ್ನು ಓದಿ ತನಗೇ ನಾಚಿಕೆಯಾಗಿ ಹೊಡೆದುಹಾಕಿದಳು. ಅದರ ಕೆಳಗೆ ಇನ್ನೂ ನಯವಾದದ್ದೊಂದು ಬಂತು: “ಅವ್ವನನ್ನು ಸೋಮವಾರ ನೋಡುತ್ತಾರೆ. ಏನೂ ಇರುವುದಿಲ್ಲ, ಕಳಿಸಿಬಿಡುತ್ತಾರೆ. ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ. ನನ್ನದನ್ನು ಮುಂದೆ ಎಂದಾದರೂ, ಬೇರೆ ಊರಿನಲ್ಲಿ...” ಆ ಸಾಲನ್ನು ಹೊಡೆದುಹಾಕಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಡಾಕ್ಟರ್ ಕಬ್ಬೂರ, ನಡುವಯಸ್ಸಿನ ಹೆಣ್ಣುಮಗಳು, ನೀಲಗಂಗವ್ವನ ಎದೆಯ ಮೇಲೆ ಸ್ಕ್ಯಾನಿನ ಕಡ್ಡಿ ಆಡಿಸಿ ಆಡಿಸಿ ಪರದೆ ನೋಡಿದರು. ಹುಬ್ಬು ಗಂಟಿಕ್ಕಿದರು. ಮುಕ್ತಾ ಮೂಲೆಯಲ್ಲಿ ನಿಂತಿದ್ದಳು. ಹೇಳಿ, ಇಲ್ಲ ಅಂತ ಹೇಳಿ, ಮನೆಗೆ ಕಳಿಸಿ.

“ಹೊರಗಿಂದ ಕಾಣವಲ್ದು,” ಅಂದರು ಡಾಕ್ಟರು. “ಆದ್ರ ಕೇಂದ್ರದವ್ರ ಆಲಿಕೆ ಹಂಗ ತಪ್ಪಂಗಿಲ್ಲ. ಕೇಳಿದಾಕಿ ‘ಸಂಶಯವಿಲ್ಲ’ ಅಂತ ಷರಾ ಬರದಾಳ. ಅಷ್ಟು ಗಟ್ಟಿಯಾಗಿ ಯಾರೂ ಬರಿಯಂಗಿಲ್ಲ. ಸಣ್ಣದಿದ್ದು ಎಲ್ಲ್ಯೋ ಮರೆಯಾಗಿರಬೇಕು. ಒಳಗಿಂದನ ನೋಡೂಣು.”

“ಒಳಗಿಂದ ಅಂದ್ರ?” ನೀಲಗಂಗವ್ವನ ದನಿ ತೆಳ್ಳಗಾಗಿತ್ತು.

“ನಿದ್ದಿ ಮದ್ದು ಕೊಟ್ಟು, ಗಂಟಲದಿಂದ ಒಂದು ನಳಿಗಿ ಇಳಿಸಿ ಎದಿ ಹಿಂದಿಂದ ನೋಡ್ತೀವ್ರೀ ಅಮ್ಮಾ. ಕಂಡ್ರ ಅಲ್ಲೇ ತಗದುಬಿಡೂದು. ಮೊದ್ಲಿನಂಗ ಎದಿ ಸೀಳೂದಿಲ್ಲ. ತೊಡಿ ರಕ್ತನಾಳದಾಗಿಂದ ಎಳೀಯಂಥಾ ಕೊಳವಿ ಮ್ಯಾಲೆ ಹೋಗ್ತೈತಿ, ತುದಿಗೆ ಕೊಡಿಯಂಗ ಬಿಚ್ಚೂ ಬಲಿ. ಗಂಟನ್ನ ಬಲಿಯೊಳಗ ಹಿಡದು, ತೊಟ್ಟು ಕತ್ತರಿಸಿ, ಮಡಚಿ ಕೆಳಗ ಎಳಕೊಳ್ಳೂದು. ಬಳ್ಳ್ಯಾಗಿನ ಹೀರೀಕಾಯಿ ಹರದಂಗ. ನಾಕು ದಿನಕ್ಕ ರೊಟ್ಟಿ ಬಡೀತೀರಿ.”

“ಕಾಣ್ಲಿಲ್ಲಂದ್ರ?”

“ಕಾಣ್ಲಿಲ್ಲಂದ್ರ ಕೇಂದ್ರದ ಯಂತ್ರಕ್ಕ ಆ ಸದ್ದು ಸುಳ್ಳು ಅಂತ ಕಲಿಸ್ತೀವಿ. ಮುಂದ ಅಂಥಾ ಸದ್ದಿಗೆ ಯಾರಿಗೂ ಚೀಟಿ ಬರಂಗಿಲ್ಲ.”

ಮುಕ್ತಾಳ ಬೆನ್ನಿಗೆ ಗೋಡೆ ತಣ್ಣಗೆ ತಾಕಿತು. ಯಾರಿಗೂ ಬರುವುದಿಲ್ಲ. ಇನ್ನೆಲ್ಲೋ ಎಡಮಗ್ಗುಲಾಗಿ ಮಲಗಿದ ಯಾರೋ, ಅವರ ದುಪ್ ಯಾರಿಗೂ ಕೇಳುವುದಿಲ್ಲ. ತನ್ನದೂ.

ನರ್ಸು ಹಸಿರು ಅಂಗಿ ತಂದಳು. ನೀಲಗಂಗವ್ವನ ಕೊರಳು ನೋಡಿ, “ಇದನ್ನ ತಗೀಬೇಕ್ರೀ ಅಮ್ಮಾ,” ಎಂದಳು. “ಮೈಮ್ಯಾಲೆ ಏನೂ ಇರಬಾರ್ದು.”

“ಇದನ್ನೂ?”

“ಇದನ್ನೂ ರೀ.”

ನೀಲಗಂಗವ್ವ ಕರಡಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ಹುಟ್ಟಿದ ಹನ್ನೊಂದನೇ ದಿನಕ್ಕ ಕಟ್ಟಿದ್ದವಾ. ಈಕೀನ ಹಡಿಯಾಗ ಎರಡು ದಿನಾ ಒದ್ದಾಡೀನಿ, ಆಗೂ ಬಿಚ್ಚಿಲ್ಲ. ಈಕಿ ಅಪ್ಪನ್ನ ಮಣ್ಣು ಮಾಡಿದ ದಿನಾನೂ ಬಿಚ್ಚಿಲ್ಲ.” ಅವಳು ನಿಧಾನಕ್ಕೆ ಎರಡೂ ಕೈಗಳನ್ನು ಹೆಕ್ಕತ್ತಿಗೆ ಒಯ್ದಳು. ದಾರದ ಗಂಟು ವರ್ಷಗಳ ಬೆವರಿಗೆ ಬಿಗಿದಿತ್ತು. ದಿನಕ್ಕೆ ನೂರಿಪ್ಪತ್ತು ರೊಟ್ಟಿ ಬಡಿದರೂ ದಣಿಯದ ಬೆರಳು ಈಗ ಗಂಟು ಸಿಗದೆ ತಡಕಾಡಿದವು.

“ಮುಕ್ತಾ, ಬಾರವಾ ಇಲ್ಲೆ,” ಎಂದಳು. “ಬಿಚ್ಚಿ ನಿನ್ನ ಕೈಯಾಗ ಹಿಡಕೋ. ನಾ ಏಳೂತನಾ ಕೆಳಗ ಇಡಬ್ಯಾಡ. ಯಾರ ಕೈಗೂ ಕೊಡಬ್ಯಾಡ. ನೀ ಒಬ್ಬಾಕೀನ ನಂಬೀನಿ ನೋಡು.”

ಮುಕ್ತಾ ಹೋದಳು. ಅವ್ವನ ಬೆನ್ನ ಹಿಂದೆ ನಿಂತಳು. ಕೈ ಎತ್ತಿದಳು. ಯಾವುದನ್ನು ಅವ್ವನ ಎದೆಯಿಂದ ಸರಿಸಬಾರದೆಂದು ಇಷ್ಟೆಲ್ಲ ಸುಳ್ಳು ಹೊತ್ತಿದ್ದಳೋ, ಅದರ ಗಂಟು ಅವಳ ಬೆರಳ ತುದಿಯಲ್ಲಿತ್ತು. ಬಾಗಿಲಲ್ಲಿ ಯಾರೋ ನಿಂತಂತೆ ಅನ್ನಿಸಿತು. ಹೊಸಮನಿಯವರಿರಬಹುದು, ಬರೀ ನೆರಳಿರಬಹುದು. ಬಲೆಯೇ ಇದ್ದೀತು. ಇರಲಿ.

ಬೆರಳುಗಳು ಗಂಟು ಬಿಚ್ಚಲಿಲ್ಲ. ಅವ್ವನ ಎರಡೂ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದವು. ಕರಡಿಗೆ ಮತ್ತೆ ಎದೆಗೆ ಒರಗಿತು.

“ಏನಾತವಾ?” ಎಂದಳು ನೀಲಗಂಗವ್ವ.

ಮುಕ್ತಾ ಡಾಕ್ಟರ ಕಡೆ ತಿರುಗಿದಳು. ಈ ಸಲ ನೆಲ ನೋಡಲಿಲ್ಲ. ದನಿ ಅಷ್ಟು ದೊಡ್ಡದಾಗಿ ಬಂದೀತೆಂದು ಅವಳಿಗೇ ಗೊತ್ತಿರಲಿಲ್ಲ.

“ಅದು ನಮ್ಮವ್ವನ ಎದಿ ಅಲ್ಲರೀ. ನಂದು.”